ಶ್ರೀಗಂಧದ ಎಣ್ಣೆ: ಚರ್ಮದ ಆರೈಕೆಯಲ್ಲಿ ಬಳಕೆ ಮತ್ತು ಪುರಾವೆ

ಸ್ಯಾಂಟಲಮ್ ಆಲ್ಬಮ್ ಎಂಬ ಶಾಸ್ತ್ರೀಯ ಹೆಸರಿನ ಶ್ರೀಗಂಧದ ಮರದ ಚೇಗನ್ನೂ ಬೇರನ್ನೂ ಪುಡಿ ಮಾಡಿ, ಹಬೆ ಹಾಯಿಸಿ, ಬಟ್ಟಿ ಇಳಿಸಿ ತೆಗೆಯುವ ಸುಗಂಧ ತೈಲ. ಬಣ್ಣ ತಿಳಿಹಳದಿ, ಹದ ತುಸು ಮಂದ. ನೀರಿನಲ್ಲಿ ಕರಗುವುದಿಲ್ಲ, ಮದ್ಯಸಾರದಲ್ಲಿ ಕರಗುತ್ತದೆ. ಪರಿಮಳ ಮೆಲುವಾದರೂ ಗಂಟೆಗಟ್ಟಲೆ ನಿಲ್ಲುವುದರಿಂದ ಕನೌಜಿನ ಅತ್ತರಿಗೂ ಪ್ಯಾರಿಸ್ಸಿನ ಸೆಂಟಿಗೂ ಇದೇ ತಳಪಾಯವಾಗಿತ್ತು. ಬೆಂಗಳೂರಿನಲ್ಲಿ ಇದರ ಉದ್ಯಮ, ಸಂಶೋಧನೆ ಮತ್ತು ಚಿಲ್ಲರೆ ವ್ಯಾಪಾರ ಮೂರೂ ಒಂದಕ್ಕೊಂದು ಹತ್ತಿರದಲ್ಲೇ ಬೆಳೆದಿವೆ: ರಾಜಾಜಿನಗರದ ಸಾಬೂನು ಕಾರ್ಖಾನೆ, ಮಲ್ಲೇಶ್ವರದ 18ನೇ ಅಡ್ಡರಸ್ತೆಯ ಮರ ವಿಜ್ಞಾನ ಸಂಸ್ಥೆ, ಉಪ್ಪಾರಪೇಟೆ–ಚಿಕ್ಕಪೇಟೆ ಆಸುಪಾಸಿನ ಗ್ರಂಥಿಗೆ ಅಂಗಡಿಗಳು.

ಚರ್ಮಕ್ಕೆ ಗಂಧ ಒಳ್ಳೆಯದೆಂಬ ನಂಬಿಕೆಗೆ ಸಾವಿರಾರು ವರ್ಷಗಳ ಹಿನ್ನೆಲೆಯಿದೆ. ಆ ನಂಬಿಕೆ ಹುಟ್ಟಿದ್ದು ಮಾತ್ರ ಈ ಎಣ್ಣೆಯಿಂದಲ್ಲ. ಮನೆಗಳಲ್ಲಿ ಬಳಸಿದ್ದು ಕಲ್ಲಿನ ಮೇಲೆ ತೇಯ್ದ ಗಂಧ. ವೈದ್ಯರು ಕೊಟ್ಟದ್ದು ಎಳ್ಳೆಣ್ಣೆಯಲ್ಲಿ ಗಂಧ ಹಾಕಿ ಕಾಯಿಸಿದ ತೈಲ. ಈಗಿನ ಪ್ರಯೋಗಾಲಯಗಳು ಪರೀಕ್ಷಿಸುತ್ತಿರುವುದು ಬಟ್ಟಿ ಇಳಿಸಿದ ಶುದ್ಧ ಎಣ್ಣೆ. ಬಚ್ಚಲುಮನೆಗೆ ಬರುವುದು ಸಾಬೂನು. ಒಂದರ ಮೇಲೆ ನಡೆದ ಪರೀಕ್ಷೆಯ ಫಲವನ್ನು ಇನ್ನೊಂದರ ಡಬ್ಬಿಯ ಮೇಲೆ ಅಚ್ಚು ಹಾಕುವುದು ಈ ವ್ಯಾಪಾರದ ಹಳೆಯ ಚಾಳಿ. ಆದ್ದರಿಂದ ಈ ನಾಲ್ಕನ್ನೂ ಇಲ್ಲಿ ಬೇರೆಬೇರೆಯಾಗಿಯೇ ನೋಡಲಾಗಿದೆ.

ಮರ ಮತ್ತು ಎಣ್ಣೆ

ಶ್ರೀಗಂಧ ಅರೆ ಪರಾವಲಂಬಿ. ಎಲೆಗಳಲ್ಲಿ ತನ್ನ ಆಹಾರವನ್ನು ತಾನೇ ತಯಾರಿಸಿಕೊಂಡರೂ ನೀರಿಗೂ ಲವಣಗಳಿಗೂ ಪಕ್ಕದ ಗಿಡಗಳ ಬೇರಿಗೆ ತನ್ನ ಹೀರುಬೇರುಗಳನ್ನು ಊರುತ್ತದೆ. ಗಂಧದ ಸಸಿ ನೆಡುವ ರೈತರು ಅದೇ ಗುಣಿಯಲ್ಲಿ ತೊಗರಿ ಬಿತ್ತಿ, ತುಸು ದೂರದಲ್ಲಿ ಹೊಂಗೆಯನ್ನೋ ಸರ್ವೆಯನ್ನೋ ನೆಡುವುದು ಇದಕ್ಕಾಗಿ. ಮರದ ಹೊರಭಾಗದ ಬಿಳಿಮರಕ್ಕೆ ವಾಸನೆಯಿಲ್ಲ. ಗಿಡಕ್ಕೆ ಸುಮಾರು ಹತ್ತು ವರ್ಷ ತುಂಬಿದ ಮೇಲೆ ಒಳಗೆ ಚೇಗು ಕಟ್ಟತೊಡಗುತ್ತದೆ, ಎಣ್ಣೆ ಇರುವುದು ಅದರಲ್ಲಿ ಮತ್ತು ಬೇರಿನಲ್ಲಿ. ಒಳ್ಳೆಯ ಎಣ್ಣೆಗೆ ಮರ 30 ವರ್ಷವಾದರೂ ಬಲಿಯಬೇಕೆಂಬುದು ಹಳಬರ ಲೆಕ್ಕ. ಚೇಗಿನ ತೂಕದಲ್ಲಿ ಎಣ್ಣೆಯ ಪಾಲು ಸಾಮಾನ್ಯವಾಗಿ ಶೇ. 3ರಿಂದ 6; ಬೇರಿನಲ್ಲಿ ಇನ್ನೂ ಹೆಚ್ಚು. ಕಳ್ಳರು ಮರ ಕಡಿದು ಸುಮ್ಮನಾಗದೆ ಬೇರನ್ನೂ ಅಗೆದೊಯ್ಯುವುದರ ಗುಟ್ಟು ಇದು.

1792ರಲ್ಲಿ ಟಿಪ್ಪು ಸುಲ್ತಾನ್ ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದ. ಅಲ್ಲಿಂದ ಮುಂದೆ, ಒಡೆಯರ ಆಳ್ವಿಕೆಯಲ್ಲೂ ಸ್ವಾತಂತ್ರ್ಯಾನಂತರವೂ, ಯಾರ ಹೊಲದಲ್ಲಿ ಬೆಳೆದರೂ ಮರ ಸರ್ಕಾರದ್ದೇ. ಬೇಲಿಯಲ್ಲಿ ತಾನಾಗಿ ಹುಟ್ಟಿದ ಸಸಿಯನ್ನು ಪೀಡೆ ತಪ್ಪಲೆಂದು ಕಿತ್ತೆಸೆಯುತ್ತಿದ್ದ ರೈತರು ಬೇಕಾದಷ್ಟು ಮಂದಿ. ಕರ್ನಾಟಕ ಅರಣ್ಯ ಕಾಯ್ದೆಗೆ 2001ರಲ್ಲಿ ಆದ ತಿದ್ದುಪಡಿಯಿಂದ ಜಮೀನಿನ ಒಡೆಯನಿಗೇ ಮರದ ಒಡೆತನ ಸಿಕ್ಕಿತು. ಅಷ್ಟರಲ್ಲಿ ಕಳ್ಳಸಾಗಣೆ, ಸ್ಪೈಕ್ ರೋಗ ಮತ್ತು ಕಾಡ್ಗಿಚ್ಚು ಸೇರಿ ಕಾಡಿನ ಗಂಧವನ್ನು ಬರಿದು ಮಾಡಿದ್ದವು. ಇಂದು ಶ್ರೀಗಂಧದ ದೊಡ್ಡ ತೋಟಗಳು ಪಶ್ಚಿಮ ಆಸ್ಟ್ರೇಲಿಯಾದ ಕುನುನರ್ರಾ ಸುತ್ತ ಇವೆ. ಚರ್ಮದ ಮೇಲಿನ ಪ್ರಯೋಗಗಳ ಚರ್ಚೆಯಲ್ಲಿ ಈ ಸಂಗತಿ ಮತ್ತೆ ಬರುತ್ತದೆ.

ಎಣ್ಣೆಯ ಜೀವಾಳ ಆಲ್ಫಾ-ಸ್ಯಾಂಟಲಾಲ್ ಮತ್ತು ಬೀಟಾ-ಸ್ಯಾಂಟಲಾಲ್ ಎಂಬ ಎರಡು ಸೆಸ್ಕ್ವಿಟರ್ಪೀನ್ ಆಲ್ಕೊಹಾಲುಗಳು. ಪರಿಮಳದ ಬಹುಪಾಲು ಎರಡನೆಯದರದು. ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ 2002ರ ಮಾನಕದಂತೆ ಮೊದಲನೆಯದು ಶೇ. 41–55, ಎರಡನೆಯದು ಶೇ. 16–24 ಇರಬೇಕು. ಆಸ್ಟ್ರೇಲಿಯಾದ್ದೇ ಆದ ಸ್ಯಾಂಟಲಮ್ ಸ್ಪೈಕೇಟಮ್ ಜಾತಿಯ ಎಣ್ಣೆಯಲ್ಲಿ ಸ್ಯಾಂಟಲಾಲ್ ಇದಕ್ಕಿಂತ ಬಹಳ ಕಡಿಮೆ. ಕಡಪ, ಚಿತ್ತೂರಿನ ಕಾಡುಗಳ ರಕ್ತಚಂದನವಂತೂ ಗಂಧದ ಕುಲಕ್ಕೇ ಸೇರಿದ್ದಲ್ಲ. ಅದು ಹೊನ್ನೆಯ ನಂಟ, ದ್ವಿದಳ ಧಾನ್ಯಗಳ ಕುಟುಂಬದ ಮರ. ಅದರ ಕೆಂಪು ಬಣ್ಣಕ್ಕೆ ಬೇರೆ ವಸ್ತುಗಳು ಕಾರಣ; ಸ್ಯಾಂಟಲಾಲ್‌ಗಾಗಿ ಅದನ್ನು ಕೊಳ್ಳುವುದರಲ್ಲಿ ಅರ್ಥವಿಲ್ಲ. ಮುಖಲೇಪದ ಪೊಟ್ಟಣಗಳ ಮೇಲೆ ಎರಡನ್ನೂ ಬರೀ ‘ಚಂದನ’ ಎಂದು ಬರೆದು ಮಾರುವುದುಂಟು. ಯಾವ ಚಂದನ ಎಂದು ಕೇಳಿಯೇ ತೆಗೆದುಕೊಳ್ಳಬೇಕು.

ತೇಯ್ದ ಗಂಧ

ದೇವರ ಮನೆಯ ಸಾಣೆಕಲ್ಲಿನ ಮೇಲೆ ನಾಲ್ಕು ಹನಿ ನೀರು ಬಿಟ್ಟು, ಗೇಣುದ್ದದ ಗಂಧದ ಕೊರಡನ್ನು ಸುತ್ತು ಸುತ್ತಾಗಿ ತೇಯುತ್ತಾರೆ. ಮೊದಲು ನೀರು ಮಬ್ಬಾಗುತ್ತದೆ, ಆಮೇಲೆ ಕೆನೆಯ ಬಣ್ಣಕ್ಕೆ ತಿರುಗಿ ಬೆರಳಿಗೆ ಅಂಟುವಷ್ಟು ಗಟ್ಟಿಯಾಗುತ್ತದೆ. ಪೂಜೆಗೆ ತೇಯ್ದು ಉಳಿದದ್ದೇ ಔಷಧಿ: ಬೇಸಿಗೆಯಲ್ಲಿ ಮಕ್ಕಳ ಬೆನ್ನಿನ ಬೆವರುಸಾಲೆಗೆ, ಸೊಳ್ಳೆ ಕಚ್ಚಿದ ಗಂದೆಗೆ, ಹುಡುಗಿಯರ ಮೊಡವೆಗೆ, ತಲೆನೋವು ಬಂದರೆ ಹಣೆಗೆ. ಬಾಣಂತಿ ಮನೆಗಳಲ್ಲಿ ಅರಿಶಿನದ ಜೊತೆ, ಮದುವೆ ಮನೆಗಳಲ್ಲಿ ಪನ್ನೀರಿನ ಜೊತೆ ಗಂಧವಿರುತ್ತದೆ. ಮುಖದ ಬಂಗಿಗೆ ಹಾಲಿನ ಕೆನೆಯಲ್ಲಿ ಕಲಸಿ ಹಚ್ಚುವುದೂ ಹಳೆಯ ರೂಢಿ.

ಹಚ್ಚಿದ ಕೂಡಲೇ ತಂಪಾಗುವುದು ಸುಳ್ಳಲ್ಲ. ನುಣ್ಣನೆಯ ಮರದ ಹುಡಿ ನೀರನ್ನು ಹಿಡಿದಿಟ್ಟುಕೊಂಡು ನಿಧಾನವಾಗಿ ಆರುತ್ತದೆ. ಆರುವಾಗ ಚರ್ಮದ ಶಾಖವನ್ನು ಎಳೆದುಕೊಳ್ಳುತ್ತದೆ. ತುರಿಕೆ ಇದ್ದಲ್ಲಿ ತಂಪೇ ಅರ್ಧ ಚಿಕಿತ್ಸೆ. ಇದರಲ್ಲಿ ಎಣ್ಣೆಯ ಪಾತ್ರ ಎಷ್ಟು? ಒಮ್ಮೆಗೆ ಅರ್ಧ ಗ್ರಾಂ ಚೇಗು ತೇಯ್ದೆವೆಂದು ಇಟ್ಟುಕೊಂಡರೆ, ಶೇ. 4ರ ಲೆಕ್ಕದಲ್ಲಿ ಅದರಲ್ಲಿರುವ ಎಣ್ಣೆ 20 ಮಿಲಿಗ್ರಾಂ, ಅಂದರೆ ಒಂದು ಹನಿಗೂ ಕಡಿಮೆ. ಅದರಲ್ಲೂ ಬಹಳಷ್ಟು ಹುಡಿಯ ಕಣಗಳೊಳಗೇ ಸಿಕ್ಕಿಕೊಂಡಿರುತ್ತದೆ, ನೀರಿಗೆ ಬಿಡುವುದಿಲ್ಲ. ತೇಯ್ದ ಗಂಧ ಮೃದುವಾಗಿ, ಬಹುಮಟ್ಟಿಗೆ ಅಪಾಯವಿಲ್ಲದೆ ಕೆಲಸ ಮಾಡುವುದಕ್ಕೆ ಈ ಅಲ್ಪತನವೇ ಕಾರಣ. ಒಂದು ಹನಿ ಶುದ್ಧ ಎಣ್ಣೆಯನ್ನು ಗಲ್ಲಕ್ಕೆ ಹಾಗೇ ಸವರಿಕೊಳ್ಳುವವರು ತೇಯ್ದ ಗಂಧದಲ್ಲಿ ಎಂದೂ ಮುಟ್ಟದಷ್ಟು ಪ್ರಮಾಣವನ್ನು ಒಂದೇ ಜಾಗಕ್ಕೆ ಹಾಕುತ್ತಿರುತ್ತಾರೆ.

ಗ್ರಂಥಗಳಲ್ಲಿ

ಚರಕ ಸಂಹಿತೆ ಔಷಧಿಗಳನ್ನು ಅವು ಮಾಡುವ ಕೆಲಸದ ಮೇಲೆ ಹತ್ತುಹತ್ತರಂತೆ 50 ಗುಂಪುಗಳಾಗಿ ವಿಂಗಡಿಸುತ್ತದೆ. ಚಂದನ ಇವುಗಳಲ್ಲಿ ಹಲವು ಕಡೆ ಕಾಣಿಸಿಕೊಳ್ಳುತ್ತದೆ: ಮೈಬಣ್ಣಕ್ಕೆ ಹಿತವಾದ ವರ್ಣ್ಯ, ತುರಿಕೆ ಕಳೆಯುವ ಕಂಡೂಘ್ನ, ಉರಿ ಶಮನ ಮಾಡುವ ದಾಹಪ್ರಶಮನ, ವಿಷಹಾರಿಯಾದ ವಿಷಘ್ನ. ಮೊದಲ ಮೂರು ಗುಣಗಳು ಸಾಣೆಕಲ್ಲಿನ ಬಳಕೆಯ ಜೊತೆ ನೇರವಾಗಿ ಹೊಂದುತ್ತವೆ. ಆಯುರ್ವೇದದ ಚಂದನಾದಿ ತೈಲ, ಕುಂಕುಮಾದಿ ತೈಲಗಳಲ್ಲಿ ಗಂಧ ಹತ್ತಾರು ದ್ರವ್ಯಗಳಲ್ಲಿ ಒಂದು. ಕಲ್ಕವನ್ನೂ ಕಷಾಯವನ್ನೂ ಎಳ್ಳೆಣ್ಣೆಗೆ ಸೇರಿಸಿ ನೀರಿನಂಶ ಆರುವ ತನಕ ಮಂದ ಉರಿಯಲ್ಲಿ ಕಾಯಿಸುತ್ತಾರೆ. ಒಣಗಿದ ಚರ್ಮ ಇದರಿಂದ ಮೃದುವಾದರೆ ಅದರ ಕೀರ್ತಿಯಲ್ಲಿ ಎಳ್ಳೆಣ್ಣೆಗೆ ದೊಡ್ಡ ಪಾಲು ಸಲ್ಲಬೇಕು.

ಕನ್ನಡದಲ್ಲೂ ಇದರ ಜಾಡು ಹಳೆಯದು. ಚಾವುಂಡರಾಯ 1025ರ ಸುಮಾರಿಗೆ ರಚಿಸಿದ ‘ಲೋಕೋಪಕಾರ’ ಬೇಸಾಯ, ಅಡುಗೆ, ವೈದ್ಯಗಳ ಜೊತೆಗೆ ಸುಗಂಧ ದ್ರವ್ಯಗಳನ್ನು ಕೂಡಿಸುವ ಬಗೆಯನ್ನೂ ಹೇಳುವ ಗ್ರಂಥ. ಒಂದರ್ಥದಲ್ಲಿ ಕನ್ನಡದ ಮೊದಲ ವಿಶ್ವಕೋಶಗಳ ಸಾಲಿನದು. ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ ರಾಜನ ಭೋಗಗಳ ನಡುವೆ ಮೈಗೆ ಲೇಪನ ಹಚ್ಚಿಕೊಳ್ಳುವುದಕ್ಕೆ ಪ್ರತ್ಯೇಕ ಭಾಗವನ್ನೇ ಮೀಸಲಿಡುತ್ತದೆ. ಬಳಕೆ ಎಷ್ಟು ಹಳೆಯದು, ಎಷ್ಟು ವ್ಯಾಪಕ ಎಂಬುದಕ್ಕೆ ಇವು ಗಟ್ಟಿ ಆಧಾರಗಳು. ಮೊಡವೆ ಎಷ್ಟು ದಿನದಲ್ಲಿ ಇಳಿಯಿತು, ಎಷ್ಟು ಮಂದಿಗೆ ಇಳಿಯಲಿಲ್ಲ ಎಂಬ ಪ್ರಶ್ನೆ ಅವುಗಳದ್ದಲ್ಲ, ಅವುಗಳಿಂದ ಆ ಉತ್ತರ ಕೇಳುವುದೂ ತಪ್ಪು.

ಈ ಪರಂಪರೆ ಬೆಂಗಳೂರಿನಲ್ಲಿ ಈಗಲೂ ಜೀವಂತವಾಗಿರುವ ಜಾಗ ಮೆಜೆಸ್ಟಿಕ್ ಪಕ್ಕದ ಧನ್ವಂತರಿ ರಸ್ತೆ. ಸರ್ಕಾರಿ ಆಯುರ್ವೇದ ವೈದ್ಯಕೀಯ ಕಾಲೇಜು ಮತ್ತು ಜಯಚಾಮರಾಜೇಂದ್ರ ಭಾರತೀಯ ವೈದ್ಯ ಆಸ್ಪತ್ರೆ ಇರುವುದು ಇಲ್ಲೇ. ಆಸ್ಪತ್ರೆಯ ಚೀಟಿ ಹಿಡಿದು ಬಂದವರೂ ಅಜ್ಜಿ ಹೇಳಿದ್ದನ್ನು ನೆನಪಿಟ್ಟುಕೊಂಡು ಬಂದವರೂ ಪೇಟೆಯ ಗ್ರಂಥಿಗೆ ಅಂಗಡಿಯ ಒಂದೇ ಕಟ್ಟೆಯ ಮುಂದೆ ನಿಂತು ಕಸ್ತೂರಿ ಅರಿಶಿನ, ಲಾವಂಚ, ಮಂಜಿಷ್ಠ, ಗಂಧದ ಪುಡಿ ಕಟ್ಟಿಸಿಕೊಳ್ಳುತ್ತಾರೆ.

ಬಟ್ಟಿ ಮತ್ತು ಸಾಬೂನು

ಮೈಸೂರು ಸಂಸ್ಥಾನ 20ನೇ ಶತಮಾನದ ಆರಂಭದ ತನಕ ಮಾರುತ್ತಿದ್ದುದು ಗಂಧದ ಮರವನ್ನು, ಎಣ್ಣೆಯನ್ನಲ್ಲ. ಅರಣ್ಯ ಇಲಾಖೆಯ ಕೋಠಿಗಳಲ್ಲಿ ಹರಾಜಾದ ಮರದ ಬಹುಪಾಲು ಯೂರೋಪಿಗೆ, ಅದರಲ್ಲೂ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. ಸುಗಂಧ ತಯಾರಕರಷ್ಟೇ ಅಲ್ಲ, ಔಷಧ ಕಂಪನಿಗಳೂ ದೊಡ್ಡ ಗಿರಾಕಿಗಳು. ಆ್ಯಂಟಿಬಯಾಟಿಕ್ ಬರುವ ಮುಂಚೆ ಗೊನೋರಿಯಾ ಎಂಬ ಲೈಂಗಿಕ ರೋಗಕ್ಕೆ ಗಂಧದೆಣ್ಣೆಯ ಕ್ಯಾಪ್ಸೂಲು ನುಂಗಿಸುತ್ತಿದ್ದರು. ಸಲ್ಫಾ ಮತ್ತು ಪೆನಿಸಿಲಿನ್ ಬಂದ ಮೇಲೆ ಆ ಬಳಕೆ ಹೇಳಹೆಸರಿಲ್ಲದಂತಾಯಿತು. ವೈದ್ಯರು ದಶಕಗಳ ಕಾಲ ನೆಚ್ಚಿದ್ದ ಮದ್ದು, ಸರಿಯಾದ ಹೋಲಿಕೆ ಸಿಕ್ಕ ಮೇಲೆ ನಿಲ್ಲಲಿಲ್ಲ ಎಂಬುದನ್ನು ಚರ್ಮದ ವಿಷಯದಲ್ಲೂ ಮರೆಯಬಾರದು.

1914ರಲ್ಲಿ ಮಹಾಯುದ್ಧ ಶುರುವಾಗಿ ಜರ್ಮನಿಯ ದಾರಿ ಮುಚ್ಚಿತು, ಕೋಠಿಗಳಲ್ಲಿ ಮರ ರಾಶಿ ಬಿತ್ತು. ದಿವಾನ್ ಎಂ. ವಿಶ್ವೇಶ್ವರಯ್ಯನವರ ಕಾಲ ಅದು. ಅರಸು ನಾಲ್ವಡಿ ಕೃಷ್ಣರಾಜ ಒಡೆಯರು. ಕೈಗಾರಿಕಾ ಇಲಾಖೆಯ ಮುಖ್ಯಸ್ಥ ಆಲ್ಫ್ರೆಡ್ ಚಾಟರ್ಟನ್ ಮುಂದಾಳತ್ವದಲ್ಲಿ, ಜನ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯ ಸಡ್‌ಬರೋ ಮತ್ತು ವಾಟ್ಸನ್ ಎಂಬ ರಸಾಯನ ವಿಜ್ಞಾನಿಗಳು ಬಟ್ಟಿ ಇಳಿಸುವ ಪ್ರಯೋಗ ನಡೆಸಿದರು. 1916ರಲ್ಲಿ ಬೆಂಗಳೂರಿನಲ್ಲಿ ಚಿಕ್ಕ ಪ್ರಮಾಣದ ತಯಾರಿಕೆ ಮೊದಲಾಗಿ, ಬೆನ್ನಿಗೇ ಮೈಸೂರಿನಲ್ಲಿ ದೊಡ್ಡ ಕಾರ್ಖಾನೆ ಎದ್ದಿತು. ಶಿವಮೊಗ್ಗದ ಕಾರ್ಖಾನೆ ಬಂದದ್ದು 1944ರಲ್ಲಿ. ಈ ಎಣ್ಣೆಯಿಂದಲೇ ಸಾಬೂನು ಮಾಡುವ ಆಲೋಚನೆ 1918ರದು. ಆ ವಿದ್ಯೆ ಕಲಿಯಲು ಇಂಗ್ಲೆಂಡಿಗೆ ಹೋಗಿ ಬಂದ ಸೋಸಲೆ ಗರಳಪುರಿ ಶಾಸ್ತ್ರಿಗಳು ‘ಸೋಪ್ ಶಾಸ್ತ್ರಿ’ ಎಂದೇ ಹೆಸರಾದರು. ಮೊಟ್ಟೆಯಾಕಾರದ ಬಿಲ್ಲೆ, ಆನೆಯ ತಲೆ ಸಿಂಹದ ಮೈಯ ಶರಭದ ಗುರುತು, ಒಡವೆ ಪೆಟ್ಟಿಗೆಯಂಥ ಡಬ್ಬಿ ಎಲ್ಲವೂ ಆ ಕಾಲದವು. ಕಬ್ಬನ್ ಪಾರ್ಕ್ ಬಳಿಯಿದ್ದ ಕಾರ್ಖಾನೆ 1957ರಲ್ಲಿ ರಾಜಾಜಿನಗರಕ್ಕೆ ಸ್ಥಳಾಂತರವಾಯಿತು. 1980ರಲ್ಲಿ ಮೈಸೂರು, ಶಿವಮೊಗ್ಗದ ಎಣ್ಣೆ ಕಾರ್ಖಾನೆಗಳೂ ಸೇರಿ ಕರ್ನಾಟಕ ಸಾಬೂನು ಮತ್ತು ಮಾರ್ಜಕ ನಿಯಮಿತ ಎಂಬ ಸರ್ಕಾರಿ ಕಂಪನಿಯಾಯಿತು. ಮೈಸೂರು ಗಂಧದ ಎಣ್ಣೆಗೂ ಮೈಸೂರು ಸ್ಯಾಂಡಲ್ ಸಾಬೂನಿಗೂ ಭೌಗೋಳಿಕ ಗುರುತಿನ ಮಾನ್ಯತೆ ಇದೆ.

ಹೆಮ್ಮೆಯ ಮಾತು ಹಾಗಿರಲಿ, ಗಂಧದ ಸಾಬೂನು ಯಾರದ್ದೇ ಆಗಲಿ, ಅದರಲ್ಲಿ ಎಣ್ಣೆ ಇರುವುದು ಪರಿಮಳಕ್ಕೆ. ಮೈಗೆ ಹಚ್ಚಿದ ನೊರೆ ಒಂದೆರಡು ನಿಮಿಷದಲ್ಲಿ ತೊಳೆದುಹೋಗುತ್ತದೆ. ಮೊಡವೆಯ ಉರಿಯೂತಕ್ಕೋ ಬಂಗಿಗೋ ಸ್ಯಾಂಟಲಾಲ್ ಏನಾದರೂ ಮಾಡಬೇಕಾದರೆ ಅದು ಚರ್ಮದ ಮೇಲೆ ಗಂಟೆಗಟ್ಟಲೆ ಉಳಿಯಬೇಕು. ಸಾಬೂನಿನ ಗುಣ ನಿರ್ಧರಿಸುವುದು ಅದರ ಕೊಬ್ಬಿನಂಶ ಮತ್ತು ಗ್ಲಿಸರಿನ್. ಭಾರತೀಯ ಮಾನಕದ ಮೊದಲ ದರ್ಜೆಗೆ ಒಟ್ಟು ಕೊಬ್ಬಿನಂಶ ಶೇ. 76ಕ್ಕೆ ಕಡಿಮೆಯಿರಬಾರದು. ಒಳ್ಳೆಯ ಸಾಬೂನು ಬೇಕೆನ್ನುವವರು ಡಬ್ಬಿಯ ಮೇಲೆ ಆ ಅಂಕಿಯನ್ನು ಹುಡುಕಲಿ. ಗಂಧದ ಪರಿಮಳ ಇಷ್ಟವಾಗಿ ಕೊಂಡರೆ ಅದೂ ಸರಿಯೇ, ಅದಕ್ಕೆ ಔಷಧಿಯ ನೆಪ ಬೇಕಿಲ್ಲ.

ವೈಜ್ಞಾನಿಕ ಪುರಾವೆ

ಬಟ್ಟಿ ಇಳಿಸಿದ ಎಣ್ಣೆಯ ಮೇಲೆ ಕಳೆದ ಮೂರು ದಶಕಗಳಲ್ಲಿ ಸಾಕಷ್ಟು ಕೆಲಸ ನಡೆದಿದೆ. ಹೆಚ್ಚಿನದು ಗಾಜಿನ ತಟ್ಟೆಯಲ್ಲಿ, ಸ್ವಲ್ಪ ಇಲಿಗಳ ಮೇಲೆ, ತೀರಾ ಕಡಿಮೆ ಮನುಷ್ಯರ ಮೇಲೆ.

ಮೊದಲು ಉರಿಯೂತ. ಬ್ಯಾಕ್ಟೀರಿಯಾದ ವಿಷಾಂಶ ತಗುಲಿಸಿ ಕೆರಳಿಸಿದ ಚರ್ಮಕೋಶಗಳಿಗೆ ಗಂಧದೆಣ್ಣೆಯನ್ನೋ ಬಿಡಿ ಸ್ಯಾಂಟಲಾಲನ್ನೋ ಹಾಕಿದರೆ, ಉರಿಯೂತ ಹಬ್ಬಿಸುವ ಸೈಟೊಕೈನ್‌ಗಳ ಉತ್ಪತ್ತಿ ತಗ್ಗುತ್ತದೆಂದು 2014ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಸೋರಿಯಾಸಿಸ್ ಇರುವ ಚರ್ಮದಂತೆ ಪ್ರಯೋಗಾಲಯದಲ್ಲಿ ಬೆಳೆಸಿದ ಅಂಗಾಂಶದ ಮೇಲೂ 2017ರಲ್ಲಿ ಇಂಥದೇ ಫಲ ಕಂಡಿತು. ಉರಿಯೂತದ ಸರಪಳಿಯಲ್ಲಿ ಮುಖ್ಯವಾದ ಫಾಸ್ಫೊಡಯಸ್ಟರೇಸ್ ಎಂಬ ಕಿಣ್ವವನ್ನು ಈ ಎಣ್ಣೆ ತಡೆಯುತ್ತದೆಂಬುದು 2018ರ ಶೋಧ. ಅದೇ ಕಿಣ್ವವನ್ನು ತಡೆಯುವ ಬೇರೆ ಔಷಧಿಗಳು ಎಕ್ಸಿಮಾ, ಸೋರಿಯಾಸಿಸ್‌ಗಳಿಗೆ ಈಗಾಗಲೇ ಬಳಕೆಯಲ್ಲಿರುವುದರಿಂದ ಈ ವಿವರಣೆಗೆ ತೂಕವಿದೆ. ಗಂಧ ಉರಿ ಶಮನ ಮಾಡುತ್ತದೆಂಬ ಚರಕನ ಮಾತಿಗೆ ಇಷ್ಟು ಹತ್ತಿರ ಬರುವ ಆಧುನಿಕ ಪುರಾವೆ ಬೇರೊಂದಿಲ್ಲ. ಚರ್ಮದ ಆರೈಕೆಯಲ್ಲಿ ಗಂಧದೆಣ್ಣೆಗೆ ಭವಿಷ್ಯವಿದ್ದರೆ ಅದು ಈ ದಾರಿಯಲ್ಲೇ ಇದ್ದೀತು.

ಮನುಷ್ಯರ ಮೇಲಿನ ಪ್ರಯೋಗಗಳಲ್ಲಿ ಹೆಚ್ಚು ಉಲ್ಲೇಖವಾಗುವುದು ಅಮೆರಿಕದಲ್ಲಿ ಮೊಡವೆಯ ಮೇಲೆ ನಡೆದು 2012ರಲ್ಲಿ ಪ್ರಕಟವಾದದ್ದು. ಶೇ. 0.5 ಸ್ಯಾಲಿಸಿಲಿಕ್ ಆಮ್ಲದ ಜೊತೆ ಶುದ್ಧ ಗಂಧದೆಣ್ಣೆ ಸೇರಿಸಿದ ಲೇಪಗಳನ್ನು 8 ವಾರ ಹಚ್ಚಿದ 47 ಮಂದಿಯಲ್ಲಿ 42 ಮಂದಿಗೆ ಮೊಡವೆ ಕಡಿಮೆಯಾಯಿತು. ಶೇ. 89 ಎಂದು ಜಾಹೀರಾತುಗಳಲ್ಲಿ ತೇಲಾಡುವ ಅಂಕಿ ಇಲ್ಲಿಯದೇ. ಆದರೆ ಈ ಪ್ರಯೋಗದಲ್ಲಿ ಹೋಲಿಕೆಗೆ ಇನ್ನೊಂದು ಗುಂಪು ಇರಲಿಲ್ಲ. ಸ್ಯಾಲಿಸಿಲಿಕ್ ಆಮ್ಲವಂತೂ ಮೊಡವೆಗೆ ಸ್ವತಃ ಮದ್ದು. ಗಂಧವಿಲ್ಲದ ಲೇಪ ಹಚ್ಚಿದವರಿಗೆ ಎಷ್ಟು ಇಳಿಯುತ್ತಿತ್ತೆಂಬುದನ್ನು ನೋಡದೆ ಗಂಧಕ್ಕೆ ಎಷ್ಟು ಅಂಕ ಕೊಡುವುದು? ಸಾಮಾನ್ಯ ನರಹುಲಿಗೆ ಶುದ್ಧ ಎಣ್ಣೆಯನ್ನು ದಿನಕ್ಕೆ ಎರಡು ಸಲ 12 ವಾರ ಹಚ್ಚಿದ 2018ರ ಇನ್ನೊಂದು ಪ್ರಯೋಗದಲ್ಲಿ 10 ಮಂದಿಯಲ್ಲಿ 8 ಮಂದಿಗೆ ನರಹುಲಿ ಪೂರ್ತಿ ಹೋಯಿತು. ನರಹುಲಿ ತಾನಾಗಿಯೇ ಮಾಯವಾಗುವುದೂ ಉಂಟು. ಹತ್ತು ಜನರ ಲೆಕ್ಕದಿಂದ ಏನನ್ನೂ ಖಚಿತವಾಗಿ ಹೇಳಲಾಗದು. ಇಂಥ ಅಧ್ಯಯನಗಳಲ್ಲಿ ಹಲವಕ್ಕೆ ಗಂಧದ ತೋಟ ಮತ್ತು ಎಣ್ಣೆಯ ವ್ಯಾಪಾರದ ಜೊತೆ ನಂಟಿರುವ ಕಂಪನಿಗಳ ಬೆಂಬಲವಿತ್ತೆಂಬುದನ್ನೂ ಗಮನಿಸಬೇಕು. ಆಸ್ಟ್ರೇಲಿಯಾದ ತೋಟಗಳಲ್ಲಿ ಮರಗಳು ಕಟಾವಿಗೆ ಬರುವ ಹೊತ್ತಿಗೆ ಎಣ್ಣೆಗೆ ಹೊಸ ಮಾರುಕಟ್ಟೆ ಬೇಕಾಗಿತ್ತು. ಫಲಿತಾಂಶ ಸುಳ್ಳೆಂದು ಇದರ ಅರ್ಥವಲ್ಲ, ಆದರೆ ಸ್ವತಂತ್ರವಾಗಿ ಮತ್ತೊಮ್ಮೆ ಪರೀಕ್ಷೆಯಾಗುವ ತನಕ ಅದನ್ನು ಭರವಸೆ ಎನ್ನಬಹುದೇ ಹೊರತು ತೀರ್ಪು ಎನ್ನಲಾಗದು.

ಕರ್ನಾಟಕದ ಮಟ್ಟಿಗೆ ಮುಖ್ಯವಾದದ್ದು ಮಂಗಳೂರಿನ ಪ್ರಯೋಗ. ತಲೆ ಮತ್ತು ಕತ್ತಿನ ಕ್ಯಾನ್ಸರಿಗೆ ರೇಡಿಯೇಷನ್ ಪಡೆಯುವವರ ಚರ್ಮ ವಾರಗಳು ಕಳೆದಂತೆ ಕೆಂಪಗಾಗಿ, ಸುಟ್ಟಂತಾಗಿ, ಕೆಲವರಿಗೆ ಸುಲಿದು ರಸ ಒಸರುತ್ತದೆ. ಕರಾವಳಿಯಲ್ಲಿ ಎಲೆಅಡಿಕೆ ಮತ್ತು ಹೊಗೆಸೊಪ್ಪಿನ ಬಳಕೆಯಿಂದ ಇಂಥ ರೋಗಿಗಳು ಕಡಿಮೆಯಲ್ಲ. ಮಂಗಳೂರಿನ ವೈದ್ಯ ಸಂಶೋಧಕರ ತಂಡ ಇಂಥ 50 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಅರಿಶಿನ ಮತ್ತು ಗಂಧದೆಣ್ಣೆ ಇರುವ, ಅಂಗಡಿಯಲ್ಲಿ ಸುಲಭವಾಗಿ ಸಿಗುವ ಕ್ರೀಮನ್ನೂ ಇನ್ನೊಂದಕ್ಕೆ ಬೇಬಿ ಆಯಿಲನ್ನೂ ಹಚ್ಚಿಸಿತು. ಕ್ರೀಮ್ ಹಚ್ಚಿದವರಲ್ಲಿ ಚರ್ಮದ ಹಾನಿ ಗಮನಾರ್ಹವಾಗಿ ಕಡಿಮೆಯಿತ್ತು ಎಂದು 2014ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ರೇಡಿಯಾಲಜಿಯಲ್ಲಿ ವರದಿಯಾಯಿತು. ಹೋಲಿಕೆಯ ಗುಂಪು ಇದ್ದದ್ದೂ, ನಿಜವಾದ ನರಳಾಟದ ಮೇಲೆ ಪರೀಕ್ಷಿಸಿದ್ದೂ ಇದರ ಹೆಚ್ಚುಗಾರಿಕೆ. ಅರಿಶಿನದ ಕೆಲಸ ಎಷ್ಟು, ಗಂಧದ್ದೆಷ್ಟು ಎಂದು ಬಿಡಿಸಿ ಹೇಳಲು ಬಾರದಿರುವುದು ಮಿತಿ. ಮನೆಮದ್ದಿನಲ್ಲೂ ಇವೆರಡು ಯಾವಾಗಲೂ ಜೋಡಿಯಾಗಿಯೇ ಬರುವುದರಿಂದ ಈ ಮಿತಿ ರೋಗಿಗೆ ಅಷ್ಟು ದೊಡ್ಡದಲ್ಲ, ವಿಜ್ಞಾನಕ್ಕೆ ದೊಡ್ಡದು.

ಗಂಧದ ಹೆಸರಿನಲ್ಲಿ ಅತಿ ಹೆಚ್ಚು ತಪ್ಪಾಗಿ ಬಳಕೆಯಾಗುವ ಶೋಧ ಜರ್ಮನಿಯ ಬೋಖುಮ್ ವಿಶ್ವವಿದ್ಯಾಲಯದ್ದು. ಮೂಗಿನಲ್ಲಿ ವಾಸನೆ ಗುರುತಿಸುವ ಗ್ರಾಹಕಗಳಂಥವೇ ಚರ್ಮದ ಕೋಶಗಳಲ್ಲೂ ಇವೆ. ಅವುಗಳಲ್ಲಿ ಒಂದನ್ನು ಗಂಧದ ವಾಸನೆಯ ರಾಸಾಯನಿಕದಿಂದ ಕೆಣಕಿದರೆ ಕೋಶಗಳು ಬೇಗ ವೃದ್ಧಿಯಾಗಿ ಗಾಯದ ಕಡೆ ಸರಿಯುತ್ತವೆ ಎಂದು ಹಾನ್ಸ್ ಹಾಟ್ ಅವರ ತಂಡ 2014ರಲ್ಲಿ ತೋರಿಸಿತು. ಅದೇ ವಸ್ತುವಿನಿಂದ ಪ್ರಯೋಗಾಲಯದಲ್ಲಿ ಕೂದಲ ಬುಡದ ಬೆಳವಣಿಗೆಯ ಹಂತ ಲಂಬಿಸಿದ್ದು 2018ರಲ್ಲಿ ನೇಚರ್ ಕಮ್ಯುನಿಕೇಷನ್ಸ್‌ನಲ್ಲಿ ವರದಿಯಾಯಿತು. ಶೋಧ ಸೊಗಸಾದದ್ದು. ಆದರೆ ಅಲ್ಲಿ ಬಳಸಿದ ಸ್ಯಾಂಡಲೋರ್ ಮರದಿಂದ ಬಂದದ್ದಲ್ಲ, ಕಾರ್ಖಾನೆಯಲ್ಲಿ ಕೃತಕವಾಗಿ ತಯಾರಾದ ಸುಗಂಧ. ‘ಗಂಧದೆಣ್ಣೆಯಿಂದ ಕೂದಲು ಬೆಳೆಯುತ್ತದೆ ಎಂದು ವಿಜ್ಞಾನ ಸಾಬೀತು ಮಾಡಿದೆ’ ಎಂಬ ಬರಹ ಕಂಡರೆ ಅದನ್ನು ಬರೆದವರು ಮೂಲ ಪ್ರಬಂಧವನ್ನು ಓದಿಲ್ಲವೆಂದು ತಿಳಿಯಬಹುದು.

ಮೈಬಣ್ಣದ ವಿಷಯ ಸೂಕ್ಷ್ಮವಾದದ್ದು, ಮಾರಾಟವೂ ಅದರಲ್ಲೇ ಹೆಚ್ಚು. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಯಾರಾಗಲು ಟೈರೊಸಿನೇಸ್ ಎಂಬ ಕಿಣ್ವ ಬೇಕು. ಆಲ್ಫಾ-ಸ್ಯಾಂಟಲಾಲ್ ಅದನ್ನು ತಡೆಯುತ್ತದೆಂದು ಖರಗ್‌ಪುರದ ಐಐಟಿಯ ಸಂಶೋಧಕರು 2013ರಲ್ಲಿ ತೋರಿಸಿದ್ದು ತೆಳುಪದರದ ತಟ್ಟೆಯ ಮೇಲೆ, ಮುಖದ ಮೇಲಲ್ಲ. ಗಂಧದೆಣ್ಣೆ ಹಚ್ಚಿ ಬಂಗು ಹೋದ, ಕಲೆ ಮಾಸಿದ, ಮೈ ಬೆಳ್ಳಗಾದ ಪುರಾವೆ ಇಲ್ಲ. ಸುಕ್ಕಿಗೂ ಅದೇ ಉತ್ತರ. ಚರ್ಮದ ಕ್ಯಾನ್ಸರ್ ತಡೆಯುವ ಬಗ್ಗೆ ಅಮೆರಿಕದ ಸೌತ್ ಡಕೋಟಾದಲ್ಲಿ ಚಂದ್ರಧರ ದ್ವಿವೇದಿಯವರ ತಂಡ 1997ರಿಂದ ನಡೆಸಿದ ಕೆಲಸ ಗಂಭೀರವಾದದ್ದು. ರಾಸಾಯನಿಕ ಸವರಿ ಗಂಟು ಬರಿಸಿದ ಇಲಿಗಳಲ್ಲಿ ಗಂಧದೆಣ್ಣೆ ಹಚ್ಚಿದವಕ್ಕೆ ಗಂಟು ಬಹಳ ಕಡಿಮೆ ಬಂದವು. ಅದು ಇಲಿಗಳಲ್ಲೇ ನಿಂತಿದೆ.

ಅಪಾಯ ಮತ್ತು ಕಲಬೆರಕೆ

ವಿಷತ್ವದ ದೃಷ್ಟಿಯಿಂದ ಇದು ಸೌಮ್ಯವಾದ ಎಣ್ಣೆ. ಮೊಲದ ಚರ್ಮಕ್ಕೆ ಒಂದು ಕಿಲೋ ತೂಕಕ್ಕೆ 5 ಗ್ರಾಂನಷ್ಟು ಹಚ್ಚಿದರೂ ಮಾರಕವಾಗಲಿಲ್ಲವೆಂದು 2008ರ ಸುರಕ್ಷತಾ ಸಮೀಕ್ಷೆ ದಾಖಲಿಸಿದೆ. ತೊಂದರೆ ಇರುವುದು ಅಲರ್ಜಿಯಲ್ಲಿ. ಯೂರೋಪಿನ ಗ್ರಾಹಕ ಸುರಕ್ಷತಾ ವೈಜ್ಞಾನಿಕ ಸಮಿತಿ 2012ರಲ್ಲಿ ಪಟ್ಟಿ ಮಾಡಿದ, ಮನುಷ್ಯರಲ್ಲಿ ಸಂಪರ್ಕ ಅಲರ್ಜಿ ತರುವುದು ಖಚಿತವಾಗಿರುವ ಸುಗಂಧ ದ್ರವ್ಯಗಳಲ್ಲಿ ಗಂಧದೆಣ್ಣೆಯೂ ಸೇರಿದೆ. ಹಚ್ಚಿದ ಜಾಗಕ್ಕೆ ಬಿಸಿಲು ಬಿದ್ದಾಗ ಮಾತ್ರ ಕೆರಳುವ ಅಲರ್ಜಿ 1967ರಲ್ಲೇ ವರದಿಯಾಗಿತ್ತು. ತೇಯ್ದ ಗಂಧದಿಂದ ಹಣೆಯಲ್ಲಿ ಕಜ್ಜಿಯಾದ ಪ್ರಸಂಗಗಳನ್ನು ಭಾರತದ ಚರ್ಮವೈದ್ಯರೂ ಬರೆದಿದ್ದಾರೆ. ಜಪಾನಿನಲ್ಲಿ 1970ರ ದಶಕದಲ್ಲಿ ಮುಖ ಕಪ್ಪಾಗುವ ಒಂದು ಬಗೆಯ ಅಲರ್ಜಿಯ ಕಾರಣ ಹುಡುಕುತ್ತ ಹೋದಾಗ ಸೌಂದರ್ಯವರ್ಧಕಗಳ ಸುಗಂಧಗಳ ನಡುವೆ ಗಂಧದೆಣ್ಣೆಯೂ ಸಿಕ್ಕಿತು. ಬಂಗು ಹೋಗಲೆಂದು ಹಚ್ಚಿದ್ದು ಬಂಗನ್ನೇ ಹೆಚ್ಚಿಸಬಹುದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಡ.

ಶುದ್ಧ ಎಣ್ಣೆಯ ಬೆಲೆ ಕಿಲೋಗೆ ಲಕ್ಷ ರೂಪಾಯಿಗಳ ಲೆಕ್ಕದಲ್ಲಿರುವುದರಿಂದ ಕಲಬೆರಕೆಗೆ ಆಸೆಯೂ ಅಷ್ಟೇ. ಹರಳೆಣ್ಣೆ, ದೇವದಾರು ಜಾತಿಯ ಎಣ್ಣೆ, ಪಾಲಿಎಥಿಲೀನ್ ಗ್ಲೈಕಾಲ್, ಕೃತಕ ಸುಗಂಧ ಏನು ಬೇಕಾದರೂ ಬೆರೆತಿರಬಹುದು. ಕಾಗದದ ಮೇಲೆ ಹನಿ ಬಿಟ್ಟು, ಮೂಸಿ ನೋಡಿ ಕಂಡುಹಿಡಿಯುತ್ತೇನೆಂಬ ವ್ಯಾಪಾರಿಯ ಮಾತನ್ನು ನಂಬಬೇಕಾಗಿಲ್ಲ. ಗ್ಯಾಸ್ ಕ್ರೊಮಟೋಗ್ರಫಿಯಲ್ಲದೆ ಇದು ತಿಳಿಯುವುದಿಲ್ಲ. ಆ ಪರೀಕ್ಷೆ ಮಾಡುವ ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯ ಬೇರು 1938ರಲ್ಲಿ ಮೈಸೂರು ಸಂಸ್ಥಾನ ತೆರೆದ ಅರಣ್ಯ ಸಂಶೋಧನಾಲಯದಲ್ಲಿದೆ. 1977ರಲ್ಲಿ ಅಲ್ಲಿ ಶ್ರೀಗಂಧಕ್ಕೆಂದೇ ಸಂಶೋಧನಾ ಕೇಂದ್ರ ಸೇರಿಕೊಂಡಿತು, ಈಗಿನ ಹೆಸರು 1988ರದು. ಗಂಧ ಬೆಳೆಯುವ ರೈತರು ತಮ್ಮ ಮರದ ಎಣ್ಣೆಯಂಶ ತಿಳಿಯಲು ಬರುವುದೂ ಇಲ್ಲಿಗೇ. ಹತ್ತು ರೂಪಾಯಿಗೆ ಬಾಟಲಿ ಎಂದು ಫುಟ್‌ಪಾತಿನಲ್ಲಿ ಸಿಗುವ ‘ಗಂಧದೆಣ್ಣೆ’ಯಲ್ಲಿ ಗಂಧ ಇರಲು ಸಾಧ್ಯವೇ ಇಲ್ಲ ಎನ್ನುವುದಕ್ಕೆ ಮಾತ್ರ ಯಾವ ಯಂತ್ರವೂ ಬೇಡ.

ಬಳಸಬೇಕೆನ್ನುವವರು ಎಣ್ಣೆಯನ್ನು ಹಾಗೇ ಹಚ್ಚಬಾರದು. ಚರ್ಮಕ್ಕೆ ಹಚ್ಚುವ ಮಿಶ್ರಣದಲ್ಲಿ ಶೇ. 2 ಮೀರಬಾರದೆಂಬುದು ಸುಗಂಧ ತೈಲಗಳ ಸುರಕ್ಷತೆಯ ಬಗ್ಗೆ ಬರೆದವರ ಸಲಹೆ. ಅಂದರೆ ಒಂದು ಟೀ ಚಮಚ ಎಳ್ಳೆಣ್ಣೆಗೋ ಕೊಬ್ಬರಿ ಎಣ್ಣೆಗೋ ಎರಡು ಹನಿ. ಮೊಡವೆ ಇರುವ ಮುಖಕ್ಕೆ ಕೊಬ್ಬರಿ ಎಣ್ಣೆ ರಂಧ್ರ ಮುಚ್ಚುವುದರಿಂದ ಬೇಡ. ಮೊದಲು ಮೊಣಕೈ ಒಳಭಾಗದಲ್ಲಿ ಹಚ್ಚಿ ಎರಡು ದಿನ ನೋಡಬೇಕು. ಹಸುಗೂಸುಗಳಿಗೆ, ಗಾಯಕ್ಕೆ, ಕಣ್ಣಿನ ಸುತ್ತ ಬೇಡ. ಬೆವರುಸಾಲೆಗೆ ಸಾಣೆಕಲ್ಲಿನ ಗಂಧ ಸಾಕು. ಬಂಗು, ಸೋರಿಯಾಸಿಸ್ ಮತ್ತು ಬಿಡದೆ ಕಾಡುವ ಮೊಡವೆಗೆ ಖಚಿತವಾದ ಔಷಧಿಗಳಿವೆ. ಅವನ್ನು ಕೊಡುವವರು ಚರ್ಮವೈದ್ಯರು.